ಪ್ರಾರ್ಥನೆಯಲ್ಲಿ ಗೆದ್ದವರ ಹೆಸರು ಹೇಳಬೇಕಾ, ಬೇಡ್ವಾ?

ತುಂಗಭದ್ರೆ ದಂಡೆ, ರಾಯಚೂರು ಜಿಲ್ಲೆ
10 ಜೂನ್ 2024, ರಾತ್ರಿ

ಎಲ್ಲರಿಗೂ ವಂದನೆ. ಒಂದು ಸಣ್ಣ ವಿಷಯ ಕೇಳಬೇಕಿತ್ತು. ಸಣ್ಣದು ಅಂತ ನಾನು ಅಂದುಕೊಂಡಿದ್ದೆ. ನಿನ್ನೆ ಭಾನುವಾರ ಆದದ್ದು ನೋಡಿದ ಮೇಲೆ ಹಾಗನಿಸುತ್ತಿಲ್ಲ.

ನಮ್ಮ ಚರ್ಚಿನ ಸಭೆಯಲ್ಲಿ ವಿಜ್ಞಾಪನೆ ಪ್ರಾರ್ಥನೆ ಓದುವ ಸರದಿ ಈ ತಿಂಗಳು ನನ್ನದು. ಅದರಲ್ಲಿ ಯಾವಾಗಲೂ ಒಂದು ಸಾಲು ಇರುತ್ತದೆ: ನಮ್ಮನ್ನು ಆಳುವವರಿಗೆ ಜ್ಞಾನ ಕೊಡು ಕರ್ತನೇ. ವರ್ಷಗಟ್ಟಲೆ ಇದೇ ಸಾಲು. ಯಾರೂ ತಲೆ ಎತ್ತಿ ನೋಡಿದ್ದಿಲ್ಲ. ಈ ಸಲ ಜೂನ್ 4ಕ್ಕೆ ಫಲಿತಾಂಶ ಬಂತು, 9ರ ಸಂಜೆ ಪ್ರಮಾಣವಚನ ಇತ್ತು. ಅದೇ ದಿನ ಬೆಳಿಗ್ಗೆ ನಮ್ಮ ಆರಾಧನೆ. ಹೆಸರು ಹಿಡಿದೇ ಪ್ರಾರ್ಥಿಸೋಣ ಎಂದುಕೊಂಡೆ. ಪ್ರಧಾನಿ ನರೇಂದ್ರ ಮೋದಿಯವರ ಹೆಸರು, ನಮ್ಮ ರಾಯಚೂರಿನಿಂದ ಆರಿಸಿ ಬಂದ ಜಿ. ಕುಮಾರ ನಾಯಕರ ಹೆಸರು, ಎರಡನ್ನೂ ಚೀಟಿಯಲ್ಲಿ ಬರೆದೆ. ಶನಿವಾರ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಜೇಬಿನಿಂದ ಪೆನ್ನು ತೆಗೆದು ಮೊದಲನೇ ಹೆಸರು ಹೊಡೆದು ಹಾಕಿದರು. "ಇದಕ್ಕೆ ನನ್ನ ಬಾಯಲ್ಲಿ ಆಮೆನ್ ಬರಲ್ಲ" ಅಂದರು. ಪಕ್ಕದಲ್ಲೇ ಇದ್ದ ಇನ್ನೊಬ್ಬರಿಗೆ ಸಿಟ್ಟು ಬಂತು. "ಹಾಗಿದ್ರೆ ಎರಡನೇ ಹೆಸರೂ ಬೇಡ, ಅದನ್ನೂ ಹೊಡಿ" ಅಂದರು.

ಎರಡೂ ಹೋದವು. ಹಳೇ ಸಾಲನ್ನೇ ಓದಿದೆ. ಆದರೂ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಮಾತಿಗೆ ಮಾತು ಬೆಳೆಯಿತು. ಒಬ್ಬರು ಪೇಡೆ ಹಂಚಿದರು. ಕೆಲವರು ತಗೊಳ್ಳಲಿಲ್ಲ. ಸಂಜೆಯೊಳಗೆ ವಾಟ್ಸಾಪ್ ಗುಂಪಿನಿಂದ ನಾಲ್ಕು ಜನ ಹೊರಗೆ ಹೋದರು.

ತಮಾಷೆ ಅಂದ್ರೆ, ನಮ್ಮ ಕಡೆ ಯಾರು ಗೆದ್ದರು ಅಂತ ಹೇಳುವುದೇ ಕಷ್ಟ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಾಂಗ್ರೆಸ್. ಇಡೀ ರಾಜ್ಯ ತಗೊಂಡರೆ 28ರಲ್ಲಿ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9. ದಿಲ್ಲಿಯಲ್ಲಿ ಬಿಜೆಪಿ 240ಕ್ಕೆ ನಿಂತಿತು, ಬಹುಮತಕ್ಕೆ 272 ಬೇಕು, ಎನ್‌ಡಿಎ ಕೂಡಿದರೆ 293. ಪೇಡೆ ಯಾವ ಲೆಕ್ಕದ್ದೋ ನನಗಂತೂ ತಿಳಿಯಲಿಲ್ಲ. ತಿಂದೆ, ಚೆನ್ನಾಗಿತ್ತು.

ಸ್ತೋತ್ರ ಹೇಳುವಾಗ ಎಲ್ಲರ ಕೈ ಮೇಲಿತ್ತಲ್ಲ, ಆಗ ನೋಡಿದೆ. ಮೇ 7ರಂದು ಹಚ್ಚಿದ ಶಾಯಿ ಎಡಗೈ ಬೆರಳಿನ ಉಗುರಲ್ಲಿ ಇನ್ನೂ ಇತ್ತು. ಎಲ್ಲರದ್ದೂ ಒಂದೇ ಬಣ್ಣ.

ಬರುವ ಭಾನುವಾರವೂ ಓದುವವನು ನಾನೇ. ಏನು ಓದಲಿ?

---

ಗಂಗಾವತಿ ಅಕ್ಕಿ

ಇದರಲ್ಲಿ ಕೇಳುವುದೇನಿದೆ? ಬೈಬಲ್ಲಿನಲ್ಲಿ ಪೌಲನು ತಿಮೊಥೆಯನಿಗೆ ಬರೆದ ಮೊದಲನೇ ಪತ್ರಿಕೆ, 2ನೇ ಅಧ್ಯಾಯ ತೆಗೆದು ನೋಡಿ. ಅರಸರಿಗಾಗಿ, ಎಲ್ಲ ಅಧಿಕಾರಿಗಳಿಗಾಗಿ ಪ್ರಾರ್ಥಿಸಿ ಅಂತಲೇ ಇದೆ. ನಾವು ಓಟು ಹಾಕಿದ ಅರಸರಿಗಾಗಿ ಅಂತಿಲ್ಲ. ಪೌಲನು ರೋಮಾಪುರದವರಿಗೆ 13ನೇ ಅಧ್ಯಾಯ ಬರೆದಾಗ ಪಟ್ಟದ ಮೇಲೆ ಕೂತಿದ್ದವನು ನೀರೋ. ಅವನಿಗೇ ವಿಧೇಯರಾಗಿ ಅಂದ ಮೇಲೆ ನಮ್ಮದೇನು ದೊಡ್ಡ ಕಷ್ಟ? ಎರಡೂ ಹೆಸರು ಓದಿ, ಆಮೆನ್ ಅನ್ನಿ, ಮನೆಗೆ ಹೋಗಿ ಊಟ ಮಾಡಿ.

---

ಕೌಲ್ ಬಜಾರ್ ಹುಡುಗ, ಬಳ್ಳಾರಿ

ಅಣ್ಣಾ, ಅಷ್ಟು ಸುಲಭ ಇಲ್ಲ. ನೀರೋ ಮಾತು ಎಲ್ಲರೂ ಹೇಳುತ್ತಾರೆ. ಆ ಪತ್ರಿಕೆ ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ. ರೋಮ್ ಸುಟ್ಟದ್ದು, ಆ ತಪ್ಪನ್ನು ಕ್ರೈಸ್ತರ ತಲೆಗೆ ಕಟ್ಟಿದ್ದು 64ರಲ್ಲಿ. ಅಂದರೆ ಬರೆಯುವಾಗ ನೀರೋ ಇನ್ನೂ ಆ ನೀರೋ ಆಗಿರಲಿಲ್ಲ. ಅದೇ ಬೈಬಲ್ಲಿನಲ್ಲಿ ಅಪೊಸ್ತಲರ ಕೃತ್ಯಗಳು 5:29 ಕೂಡ ಇದೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ಪೇತ್ರ ಅಧಿಕಾರಿಗಳ ಮುಖಕ್ಕೇ ಹೇಳಿದ. 13ನೇ ಅಧ್ಯಾಯ ಓದುವವರು ಇದನ್ನು ಯಾಕೆ ಓದಲ್ಲ?

ನಮ್ಮದು ಮನೆಯಲ್ಲಿ ಕೂಡುವ ಸಣ್ಣ ಸಭೆ. ಇಪ್ಪತ್ತು ಇಪ್ಪತ್ತೈದು ಜನ. 2021ರ ಡಿಸೆಂಬರ್‌ನಲ್ಲಿ ಮತಾಂತರ ತಡೆ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು, 2022ರಲ್ಲಿ ಕಾಯ್ದೆಯಾಯಿತು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮಹಿಳೆ, ದಲಿತ, ಆದಿವಾಸಿ ವಿಷಯದಲ್ಲಿ ತಪ್ಪು ಸಾಬೀತಾದರೆ 10 ವರ್ಷದವರೆಗೆ ಜೈಲು. ಆ ದಿನಗಳಲ್ಲಿ ಒಂದು ಭಾನುವಾರ ಏಳೆಂಟು ಹುಡುಗರು ನಮ್ಮ ಬಾಗಿಲಿಗೆ ಬಂದರು. ಯಾರು ಬಂದಿದ್ದಾರೆ, ಯಾಕೆ ಬಂದಿದ್ದಾರೆ, ಆಧಾರ್ ಕಾರ್ಡ್ ತೋರಿಸಿ ಅಂದರು. ಆಧಾರ್ ಕೇಳಲು ಇವರು ಯಾರು? ಆದರೆ ಅಮ್ಮ ಹೆದರಿ ತೋರಿಸಿದಳು. ಆಮೇಲೆ ಮೂರು ತಿಂಗಳು ನಾವು ಹಾಡು ಹಾಡಲಿಲ್ಲ. ಬರೀ ಓದಿ ಎದ್ದು ಬರುತ್ತಿದ್ದೆವು. ತಬಲಾ ಅಟ್ಟದ ಮೇಲೆ ಇತ್ತು.

2023ರ ಮೇ 3ರಿಂದ ಮಣಿಪುರದ ಹಿಂಸೆ. ನಾನು ಹೇಳುವುದೇ ಬೇಡ, ನೀವೆಲ್ಲ ವಿಡಿಯೋ ನೋಡಿದ್ದೀರಿ.

ಆಳುವವರಿಗಾಗಿ ಪ್ರಾರ್ಥನೆ ಅಂದರೆ ಜೈಕಾರ ಅಲ್ಲ ಅಂತ ನೀವು ಹೇಳುತ್ತೀರಿ. ಸರಿ. ಆದರೆ ಕೇಳುವ ಅಮ್ಮನ ಕಿವಿಗೆ ಅದು ಏನಾಗಿ ಬೀಳುತ್ತದೆ? ಪೆನ್ನು ತೆಗೆದ ಆ ಹಿರಿಯರನ್ನು ನಾನು ಬೈಯಲಾರೆ.

---

ಸಿಂಧನೂರು ಭತ್ತ

ನಾನು ಹೇಳುವುದು ಕೆಲವರಿಗೆ ಹಿಡಿಸಲ್ಲ. ಆದರೂ ಹೇಳುತ್ತೇನೆ. ನಾನು ಕ್ರೈಸ್ತ. ದೀಕ್ಷಾಸ್ನಾನ ಪಡೆದವನು, ದಶಾಂಶ ಕೊಡುವವನು. ಬಿಜೆಪಿಗೆ ಓಟು ಹಾಕಿದೆ. ನಮ್ಮ ಸಭೆಯಲ್ಲಿ ಇದು ಗೊತ್ತಾದ ದಿನದಿಂದ ನನ್ನನ್ನು ದುಡ್ಡಿಗೆ ಯೇಸುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನ ಹಾಗೆ ನೋಡುತ್ತಾರೆ. ಮೂವತ್ತು ಬೆಳ್ಳಿ ನಾಣ್ಯ ಎಲ್ಲಿದೆಯೋ ನನಗೂ ಬೇಕಿತ್ತು, ಹೋದ ವರ್ಷದ ಬರದಲ್ಲಿ ಎರಡನೇ ಬೆಳೆಗೆ ನೀರೇ ಸಿಗಲಿಲ್ಲ.

ಓಟು ಹಾಕಲು ನನಗೆ ನನ್ನ ಕಾರಣ ಇದ್ದವು. ರಸ್ತೆ, ಅಕ್ಕಿ, ಖಾತೆಗೆ ಬರುವ ದುಡ್ಡು. ಹೆಂಡತಿ ಓಟು ಕಾಂಗ್ರೆಸ್ಸಿಗೆ. ಅವಳ ಖಾತೆಗೆ ತಿಂಗಳಿಗೆ ಗೃಹಲಕ್ಷ್ಮಿ 2,000, ನನ್ನ ಖಾತೆಗೆ ನಾಲ್ಕು ತಿಂಗಳಿಗೊಮ್ಮೆ ಕಿಸಾನ್ ಸಮ್ಮಾನ್ 2,000. ಮನೆಯಲ್ಲೇ ಸಮ್ಮಿಶ್ರ ಸರ್ಕಾರ. ಅವಳದ್ದು ಜಾಸ್ತಿ ಸೀಟು.

ಕೌಲ್ ಬಜಾರ್ ತಮ್ಮಾ, ನಿನ್ನ ಅಮ್ಮನಿಗಾದದ್ದು ತಪ್ಪು. ನನ್ನ ಓಟು ಆ ಹುಡುಗರಿಗೆ ಹಾಕಿದ್ದಲ್ಲ. ಆದರೆ ಅವರು ಹಾಗೆ ತಿಳಿದುಕೊಂಡಿದ್ದರೆ ನಾನೇನು ಮಾಡಲಿ ಅಂತ ನನಗೂ ಉತ್ತರ ಗೊತ್ತಿಲ್ಲ. ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ.

ಗಂಗಾವತಿಯವರಿಗೆ ಇನ್ನೊಂದು ಮಾತು. ತಿಮೊಥೆಯನ ಅದೇ ವಚನದಲ್ಲಿ ವಿಜ್ಞಾಪನೆ ಜೊತೆಗೆ ಕೃತಜ್ಞತಾಸ್ತುತಿ ಅಂತಲೂ ಇದೆ. ಎಲ್ಲರೂ ಅದನ್ನು ನುಂಗಿಬಿಡುತ್ತಾರೆ. ಬೇಡುವುದು ಸುಲಭ. ನಮಗೆ ಬೇಡವಾದವರ ವಿಷಯಕ್ಕೆ ದೇವರಿಗೆ ವಂದನೆ ಹೇಳುವುದಿದೆಯಲ್ಲ, ಅಲ್ಲಿದೆ ಕಷ್ಟ.

---

ಕೌಲ್ ಬಜಾರ್ ಹುಡುಗ

ಯೂದ ಅಂತ ನಾನು ಅನ್ನಲ್ಲ ಅಣ್ಣಾ. ನಿಮ್ಮ ಸಭೆಯವರು ಅಂದದ್ದೂ ತಪ್ಪು. ಆದರೆ ಪೇಡೆ ಮಾತ್ರ ಹಂಚಬೇಡಿ.

---

ಸಿಂಧನೂರು ಭತ್ತ

ನಾನು ಹಂಚಲಿಲ್ಲ. ಪೇಡೆ ಕೆಜಿಗೆ ಎಷ್ಟಾಗಿದೆ ಗೊತ್ತಾ?

---

ಮುದಗಲ್ ಮನೆ

ನಾವು ಕ್ಯಾಥೊಲಿಕರು. ನಮ್ಮೂರ ಚರ್ಚು 1557ರದ್ದು ಎನ್ನುತ್ತಾರೆ. ಗೋವಾ ಕಡೆಯಿಂದ ಬಂದ ಪಾದ್ರಿಗಳ ಕಾಲದ್ದು. ಆಮೇಲೆ ಈ ದೋಆಬಿನಲ್ಲಿ ಕೃಷ್ಣೆ ತುಂಗಭದ್ರೆ ನಡುವೆ ಎಷ್ಟು ಬಾವುಟ ಏರಿದವು, ಎಷ್ಟು ಇಳಿದವು! ವಿಜಯನಗರದವರು, ಆದಿಲ್‌ಶಾಹಿಗಳು, ಮೊಘಲರು, ನಿಜಾಮ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಭಾರತಕ್ಕೆ ಸೇರಿದೆವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು. ನಮ್ಮ ಅಜ್ಜಿ ಹೇಳುತ್ತಿದ್ದಳು, ಚಿಕ್ಕವಳಿದ್ದಾಗ ಪೂಜೆಯಲ್ಲಿ ನಿಜಾಮನಿಗಾಗಿ ಪ್ರಾರ್ಥಿಸಿದ್ದಳಂತೆ, ದೊಡ್ಡವಳಾದ ಮೇಲೆ ನೆಹರೂ ಅವರಿಗಾಗಿ. ಅವಳ ಮೊಣಕಾಲು ಮಾತ್ರ ಅದೇ.

ರಾಜ್ಯ ರಾಮಂದಾದ್ರೇನು, ರಾವಣಂದಾದ್ರೇನು, ರಾಗಿ ಬೀಸೋದು ತಪ್ಪಲ್ಲ ಅಂತ ಗಾದೆ. ನಮ್ಮ ಕಡೆ ರಾಗಿ ಇಲ್ಲ, ಜೋಳ. ಬೀಸೋದು ಅಷ್ಟೇ.

ನಮ್ಮಲ್ಲಿ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನಾಯಕರ ಬಿನ್ನಹ ಇದ್ದೇ ಇರುತ್ತದೆ. ಹೆಸರು ಹೇಳುವುದು ಕಡಿಮೆ. ಒಂದು ವಿಷಯ ಮಾತ್ರ ನನಗೆ ಕಿರಿಕಿರಿ. ಫಲಿತಾಂಶ ಬಂದಾಗಲೆಲ್ಲ ಯಾರಾದರೂ ಯೆರೆಮೀಯ 29:7 ಓದುತ್ತಾರೆ. ಬಾಬೆಲಿಗೆ ಸೆರೆ ಹೋದವರೇ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಅಂತ. ವಚನ ಒಳ್ಳೆಯದೇ. ಆದರೆ ಸ್ವಾಮೀ, ನಾವು ಎಲ್ಲಿಂದ ಸೆರೆ ಬಂದಿದ್ದೇವೆ? ನಮ್ಮಜ್ಜನ ಅಜ್ಜ ಇದೇ ಕೋಟೆ ಬುಡದಲ್ಲಿ ಮಣ್ಣಾದವನು. ನೀವು ಹೊರಗಿನವರು ಅಂತ ಅವರಿವರು ಅನ್ನುವುದು ಸಾಲದು ಅಂತ ನಾವೇ ಪೀಠದ ಮೇಲೆ ನಿಂತು ಹೇಳಿಕೊಳ್ಳಬೇಕಾ? ಮೊಹರಂನಲ್ಲಿ ನಮ್ಮೂರಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಅಲಾಯಿ ಕುಣಿತ ನೋಡಲು ಹಿಂದೂ ಮುಸ್ಲಿಂ ಅಂತ ಲೆಕ್ಕ ಇಲ್ಲ. ನಮ್ಮ ಮನೆಯಲ್ಲೂ ಆ ವಾರ ನೆಂಟರು ತುಂಬಿರುತ್ತಾರೆ. ಇದು ಬಾಬೆಲಾ? ಇದು ಊರು.

---

ಲಿಂಗಸುಗೂರು ವಕೀಲೆ

ಕಾನೂನಿನ ಮಾತು ಎರಡೇ ಸಾಲು ಹೇಳಿ ಹೋಗುತ್ತೇನೆ. ಪ್ರಾರ್ಥನೆಯಲ್ಲಿ ಪ್ರಧಾನಿ, ಸಂಸದರ ಹೆಸರು ಹೇಳಿದರೆ ಏನೂ ತಪ್ಪಿಲ್ಲ. ಇಂಥವರಿಗೇ ಓಟು ಹಾಕಿ ಅಂತ ಪೀಠದಿಂದ ಹೇಳಿದರೆ ತಪ್ಪಿದೆ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯಲು 1988ರ ಕಾಯ್ದೆ ಇದೆ, ಗುಡಿ, ಮಸೀದಿ, ಚರ್ಚಿನ ಜಾಗವನ್ನು ರಾಜಕೀಯಕ್ಕೆ ಬಳಸುವ ಹಾಗಿಲ್ಲ. ಧರ್ಮದ ಹೆಸರಲ್ಲಿ ಅಭ್ಯರ್ಥಿಗಳು ಓಟು ಕೇಳುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಚುನಾವಣಾ ಭ್ರಷ್ಟಾಚಾರ. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರನ ಧರ್ಮ ಹಿಡಿದು ಕೇಳಿದರೂ ಹಾಗೇ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ 4-3ರಲ್ಲಿ ಹೇಳಿತು.

ಪೇಡೆಗೆ ಸೆಕ್ಷನ್ ಇಲ್ಲ.

ಕೌಲ್ ಬಜಾರ್ ತಮ್ಮನಿಗೆ: ಬಾಗಿಲಿಗೆ ಬಂದ ಯಾರೋ ಹುಡುಗರಿಗೆ ಆಧಾರ್ ತೋರಿಸಬೇಕಿಲ್ಲ. ಮುಂದಿನ ಸಲ 112ಕ್ಕೆ ಫೋನ್ ಮಾಡಿ. ಯಾರು ಗೆದ್ದರೂ ಸಂವಿಧಾನದ 25ನೇ ವಿಧಿ ಅಲ್ಲೇ ಇರುತ್ತದೆ.

---

ಬಳ್ಳಾರಿ 99

ನನ್ನ ಹೆಸರಲ್ಲೇ ಇದೆ, ನಾನು ಯಾವ ಚುನಾವಣೆಯವನು ಅಂತ. 1999ರಲ್ಲಿ ಸೋನಿಯಾ ಗಾಂಧಿ ಬಳ್ಳಾರಿಗೆ ಬಂದು ನಿಂತರು, ಎದುರಿಗೆ ಸುಷ್ಮಾ ಸ್ವರಾಜ್. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು, ಅದು ನಿಜಕ್ಕೂ ಚೆನ್ನಾಗಿತ್ತು. ನನಗಾಗ ಇಪ್ಪತ್ತೆರಡು. ನಮ್ಮ ಚರ್ಚಿನವರು ಕೆಲವರು ಏನಂದರು ಗೊತ್ತಾ? ಸೋನಿಯಾ ಇಟಲಿಯಲ್ಲಿ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವರು, ಹಾಗಾಗಿ ನಮ್ಮವರು ಅಂತ. ಎದುರಿನವರೂ ಅದನ್ನೇ ಹೇಳಿದರು, ಅವರು ನಿಮ್ಮವರಲ್ವಾ ಅಂತ, ಬೇರೆ ದನಿಯಲ್ಲಿ. ಎರಡೂ ಕಡೆಯವರು ಸೇರಿ ನಮ್ಮನ್ನು ಒಂದೇ ಗೂಟಕ್ಕೆ ಕಟ್ಟಿದರು.

56,100 ಓಟಿನಿಂದ ಸೋನಿಯಾ ಗೆದ್ದರು. ನಾವು ಕುಣಿದೆವು. ನಾನೂ ಕುಣಿದೆ, ಸುಳ್ಳು ಹೇಳಲ್ಲ. ಆಮೇಲೆ ಅವರು ಅಮೇಥಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. 2000ದಲ್ಲಿ ಉಪಚುನಾವಣೆ. 'ನಮ್ಮವರು' ಹೋದ ಮೇಲೆ ನಾವು ಮಾತ್ರ ಉಳಿದೆವು, ಮತ್ತೆ ಅಂಗಡಿಯಲ್ಲಿ, ಬಸ್ಸಿನಲ್ಲಿ ಅದೇ ಜನರ ಜೊತೆ. ಒಬ್ಬ ಗೆಳೆಯ ಆ ಸಲ ಮಾತು ಬಿಟ್ಟವನು ಮೂರು ವರ್ಷ ಮಾತಾಡಲಿಲ್ಲ. ಅವನು ಹಿಂದೂ, ನನ್ನ ಜೊತೆ ವಾರ್ಡ್‌ಲಾ ಶಾಲೆಯಲ್ಲಿ ಓದಿದವನು. ಕುಣಿತ ನಿಲ್ಲಿಸಿ ಅವನ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಹೋಗಲಿಲ್ಲ.

---

ಹಟ್ಟಿ ಗಣಿ

ಗೆದ್ದವರು ಸೋತವರು ಅಂತ ಇಷ್ಟು ಚರ್ಚೆ ನಡೆಯಿತು. ನಮ್ಮ ವಿಷಯ ಯಾರ ಬಾಯಲ್ಲೂ ಬರಲಿಲ್ಲ. ನಾನೇ ಹೇಳುತ್ತೇನೆ.

ಈ ಮೂರು ಜಿಲ್ಲೆಯ ಸಭೆಗಳಲ್ಲಿ ಕೂತವರಲ್ಲಿ ನಮ್ಮ ಕೇರಿಯವರೇ ಜಾಸ್ತಿ. ಇದು ಎಲ್ಲರಿಗೂ ಗೊತ್ತು, ಯಾರೂ ಜೋರಾಗಿ ಹೇಳಲ್ಲ. 1950ರ ಪರಿಶಿಷ್ಟ ಜಾತಿ ಆದೇಶದ 3ನೇ ಪ್ಯಾರಾದಲ್ಲಿ ಮೊದಲು ಎಸ್‌ಸಿ ಸ್ಥಾನ ಹಿಂದೂಗಳಿಗೆ ಮಾತ್ರ ಅಂತ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತ, ದಲಿತ ಮುಸ್ಲಿಂ ಇವತ್ತಿಗೂ ಹೊರಗೆ. ಕರ್ನಾಟಕದಲ್ಲಿ ನಮಗೆ ಹಿಂದುಳಿದ ವರ್ಗದ ಪ್ರವರ್ಗ 1. ಇತರ ಕ್ರೈಸ್ತರಿಗೆ 3ಬಿ. ಎಸ್‌ಟಿಗೆ ಈ ಷರತ್ತೇ ಇಲ್ಲ, ಯಾವ ಧರ್ಮಕ್ಕೆ ಹೋದರೂ ಎಸ್‌ಟಿ ಎಸ್‌ಟಿಯೇ. ರಾಯಚೂರು, ಬಳ್ಳಾರಿ ಎರಡೂ ಎಸ್‌ಟಿ ಮೀಸಲು ಕ್ಷೇತ್ರ, ಹಾಗಾಗಿ ಈ ವ್ಯತ್ಯಾಸ ನಮ್ಮ ಕಣ್ಣಿಗೆ ದಿನಾ ಬೀಳುತ್ತದೆ.

ಈಗ ಪಕ್ಷದ ಲೆಕ್ಕ ನೋಡಿ. 1950ರಲ್ಲಿ ಇದ್ದದ್ದು ಕಾಂಗ್ರೆಸ್. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಷರತ್ತು ತೆಗೆಯಿರಿ ಅಂತ ವರದಿ ಕೊಟ್ಟಿತು. ಆಗ ಇದ್ದದ್ದೂ ಕಾಂಗ್ರೆಸ್ ಮುಂದಾಳತ್ವದ ಸರ್ಕಾರ, ತೆಗೆಯಲಿಲ್ಲ. 2022ರಲ್ಲಿ ಈಗಿನ ಕೇಂದ್ರ ಸರ್ಕಾರ ಕೆ.ಜಿ. ಬಾಲಕೃಷ್ಣನ್ ಅವರ ಇನ್ನೊಂದು ಆಯೋಗ ಮಾಡಿತು. ಮಾಡುತ್ತಲೇ ಇದ್ದಾರೆ.

ಹಾಗಾಗಿ ಮನೆ ಮನೆಯಲ್ಲಿ ಏನಾಗಿದೆ? ಭಾನುವಾರ ಒಂದು ಹೆಸರು, ಸರ್ಟಿಫಿಕೇಟಿನಲ್ಲಿ ಇನ್ನೊಂದು. ನನ್ನ ತಮ್ಮ ದೀಕ್ಷಾಸ್ನಾನ ತಗೊಂಡಿಲ್ಲ. ನಂಬಿಕೆ ಇಲ್ಲ ಅಂತಲ್ಲ, ಮಗಳ ಎಸ್‌ಸಿ ಸೀಟು ಹೋಗುತ್ತದೆ ಅಂತ. ಅವನು ಸಭೆಯಲ್ಲಿ ಹಿಂದಿನ ಸಾಲಲ್ಲಿ ಕೂರುತ್ತಾನೆ. ದೀಕ್ಷಾಸ್ನಾನ ಆದವರು ತಗೊಳ್ಳುವ ರೊಟ್ಟಿ ದ್ರಾಕ್ಷಾರಸದ ಹೊತ್ತಿಗೆ ಎದ್ದು ಹೊರಗೆ ಹೋಗಿ ಚಪ್ಪಲಿ ನೋಡಿಕೊಳ್ಳುತ್ತಾನೆ. ಇದು ಯಾವ ಚುನಾವಣೆಯಲ್ಲೂ ಬದಲಾಗಿಲ್ಲ. ನಮ್ಮವರು ಗೆದ್ದರು ಅಂತ ಪೇಡೆ ಹಂಚುವ ಹಿರಿಯರು, ಬೇಡ ಅನ್ನುವ ಹಿರಿಯರು, ಇಬ್ಬರೂ ಅವನ ಪಕ್ಕದಿಂದಲೇ ದಾಟಿ ಹೋಗುತ್ತಾರೆ.

ಪ್ರಾರ್ಥನೆಯಲ್ಲಿ ಹೆಸರು ಹೇಳಿ, ಬೇಡ ಅನ್ನಲ್ಲ. ಆದರೆ ಬರೀ ಜ್ಞಾನ ಕೊಡು ಅಂದರೆ ಏನು ಬಂತು? ಆ ಸಾಲು ಎಷ್ಟು ನುಣ್ಣಗಿದೆ ಅಂದರೆ ಯಾರಿಗೂ ಚುಚ್ಚಲ್ಲ, ಓದಿದವನಿಗೂ ಚುಚ್ಚಲ್ಲ. ಹೆಸರು ಹೇಳಿದ ಮೇಲೆ ಏನು ಬೇಕು ಅಂತಲೂ ಹೇಳಿ. ಆಮೇಲೆ ಅದೇ ಮಾತನ್ನು ಅವರ ಕಚೇರಿಗೆ ಹೋಗಿ ಹೇಳಿ. ತಪ್ಪು ಮಾಡಿದ ಅರಸ ದಾವೀದನಿಗಾಗಿ ನಾತಾನ ಪ್ರವಾದಿ ಮನೆಯಲ್ಲಿ ಕೂತು ಪ್ರಾರ್ಥಿಸಿ ಸುಮ್ನಾಗಲಿಲ್ಲ, ಅರಮನೆಗೆ ನಡೆದು ಹೋದ.

---

ಗಂಗಾವತಿ ಅಕ್ಕಿ

ಮೊದಲು ನಾನು ಊಟ ಮಾಡಿ ಅಂತ ಬರೆದಿದ್ದೆ. ಈಗ ಅದನ್ನು ಓದಿದರೆ ನಾಚಿಕೆ ಆಗುತ್ತದೆ. ನಮ್ಮ ಸಭೆಯಲ್ಲೂ ಚಪ್ಪಲಿ ನೋಡಿಕೊಳ್ಳುವ ಒಬ್ಬರಿದ್ದಾರೆ. ಯಾಕೆ ಅಂತ ಇವತ್ತಿನವರೆಗೆ ಕೇಳಿರಲಿಲ್ಲ.

---

ಸಂಡೆ ಸ್ಕೂಲ್ ಅಕ್ಕ, ದೇವದುರ್ಗ ಕಡೆ

ಒಂದು ವಿಷಯ ಸೇರಿಸಲಾ? ಮೇ 7ರ ಬಿಸಿಲಲ್ಲಿ ಓಟು ಹಾಕಲು ನಮ್ಮ ಸಭೆಯ ಅರ್ಧ ಜನ ಊರಲ್ಲೇ ಇರಲಿಲ್ಲ. ಗುಳೆ ಹೋಗಿದ್ದರು, ಬೆಂಗಳೂರಿಗೆ, ಕಟ್ಟಡ ಕೆಲಸಕ್ಕೆ. ಕೆಲವರು ಬಸ್ಸು ಹತ್ತಿ ಬಂದು ಓಟು ಹಾಕಿ ರಾತ್ರಿಯೇ ವಾಪಸ್ ಹೋದರು. ನನ್ನ ತರಗತಿಯ ಒಂಬತ್ತು ಮಕ್ಕಳಲ್ಲಿ ಐದು ಮಕ್ಕಳು ಅಲ್ಲೇ ಇದ್ದಾರೆ. ಹಿರಿಯರ ಜಗಳದ ವಾಟ್ಸಾಪ್ ಗುಂಪಿನಲ್ಲಿ ಅವರ ಅಪ್ಪಂದಿರೂ ಇದ್ದಾರೆ. ಯಾರೂ ಒಂದು ಮಾತು ಬರೆದಿಲ್ಲ. ನೋಡಿದ ನೀಲಿ ಗುರುತು ಮಾತ್ರ ಬಂದಿದೆ.

ಸಂಸದರ ಹೆಸರು ಓದುವುದಾದರೆ ರಾಯಚೂರಿಗೆ ಏಮ್ಸ್ ಬೇಕು ಅನ್ನುವುದನ್ನೂ ಓದಿ. 2022ರಿಂದ ಜನ ಅದಕ್ಕೆ ಧರಣಿ ಕೂತಿದ್ದಾರೆ. ಏಮ್ಸ್ ಕೊಡುವುದು ದಿಲ್ಲಿ, ಕೇಳಬೇಕಾದವರು ಇಲ್ಲಿಯವರು. ಎರಡು ಹೆಸರಿಗೂ ಕೆಲಸ ಸಿಗುತ್ತದೆ.

---

ತುಂಗಭದ್ರೆ ದಂಡೆ
17 ಜೂನ್ 2024

ತಡವಾಯಿತು, ಕ್ಷಮಿಸಿ. ನಿನ್ನೆ ಏನಾಯಿತು ಅಂತ ಹೇಳುತ್ತೇನೆ.

ನಿಮ್ಮ ಮಾತೆಲ್ಲ ಓದಿ ಚೀಟಿ ಹೊಸದಾಗಿ ಬರೆದೆ. ಎರಡೂ ಹೆಸರು ಇಟ್ಟೆ. ಪ್ರಧಾನಿ ಹೆಸರಿನ ಜೊತೆ ಮಣಿಪುರ, ಮತ್ತೆ 1950ರ ಆದೇಶ. ಸಂಸದರ ಹೆಸರಿನ ಜೊತೆ ಏಮ್ಸ್, ಗುಳೆ. ಆದೇಶದ ಮಾತು ಬರೆಯುವಾಗ ಕೈ ಎರಡು ಸಲ ನಿಂತಿತು. ಹಟ್ಟಿಯವರು ಹೇಳಿದ ಹಾಗೆ ಅದು ನುಣ್ಣಗಿರಲಿಲ್ಲ. ವಂದನೆ ಅನ್ನುವ ಪದವನ್ನು ಎಲ್ಲಿ ಹಾಕಬೇಕು ಅಂತ ತುಂಬಾ ಹೊತ್ತು ಯೋಚಿಸಿದೆ. ಕೊನೆಗೆ, ಜಗಳವಿಲ್ಲದೆ ಓಟು ಹಾಕಿ ಮನೆಗೆ ಬಂದೆವಲ್ಲ, ಅದಕ್ಕೆ ವಂದನೆ ಅಂತ ಬರೆದೆ. ಸಿಂಧನೂರಿನವರಿಗೆ ಅದು ಸಾಕಾಗುತ್ತದೋ ಇಲ್ಲವೋ.

ಪೆನ್ನಿನ ಹಿರಿಯರ ಮನೆಗೆ ಶನಿವಾರ ಹೋದೆ. ಈ ಸಲ ನೀವೇ ಓದಿ ಅಂದೆ. ಅವರು ಚೀಟಿ ಎರಡು ಸಲ ಓದಿದರು. "ಓದಲ್ಲ" ಅಂದರು. ಆದರೆ ಪೆನ್ನು ತೆಗೆಯಲಿಲ್ಲ. ಚಹಾ ಕೊಟ್ಟರು.

ಹಾಗಾಗಿ ನಾನೇ ಓದಿದೆ. ಮೊದಲ ಹೆಸರು ಬಂದಾಗ ಬಲಗಡೆ ಯಾರೋ ಕೆಮ್ಮಿದರು. ಎರಡನೇ ಹೆಸರಿಗೆ ಎಡಗಡೆಯಿಂದ ಕೆಮ್ಮು ಬಂತು. 1950 ಅಂದಾಗ ಎರಡೂ ಕಡೆ ಗಪ್ಪಾಯಿತು, ಹಿಂದಿನ ಸಾಲುಗಳಲ್ಲಿ ಮಾತ್ರ ಬೆಂಚು ಕಿರ್ ಅಂದ ಸದ್ದು. ಆಮೆನ್ ತೆಳ್ಳಗೇ ಇತ್ತು. ವಾಟ್ಸಾಪ್ ಬಿಟ್ಟ ನಾಲ್ವರಲ್ಲಿ ಒಬ್ಬರು ವಾಪಸ್ ಬಂದಿದ್ದಾರೆ, ಮೂವರು ಇಲ್ಲ. ಸಂಸದರ ಕಚೇರಿಗೆ ಕೊಡಲು ಒಂದು ಅರ್ಜಿ ಬರೆಯಬೇಕು, ಯಾರು ಬರೆಯುತ್ತಾರೆ ಅಂತ ಇನ್ನೂ ತೀರ್ಮಾನ ಆಗಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ.

ಹೊರಗೆ ಬಂದಾಗ ಆ ಹಿರಿಯರು ಬಾಗಿಲ ಹತ್ತಿರ ಕಾಯುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. "ಆ ಪಟ್ಟಿಗೆ ಮುಂದಿನ ವಾರ ನಮ್ಮ ಪಂಚಾಯ್ತಿ ಪಿಡಿಒ ಹೆಸರೂ ಸೇರಿಸಪ್ಪ, ನಲ್ಲಿ ನೀರು ಬಂದು ಎಂಟು ದಿನ ಆಯ್ತು" ಅಂದರು.

---

ಗಂಗಾವತಿ ಅಕ್ಕಿ

ನಮ್ಮೂರ ಪಿಡಿಒ ಹೆಸರೂ ಕಳಿಸಲಾ?